ಬದನೆಕಾಯಿಗೆ ಸೊನ್ನೆ ಫಲಿತಾಂಶ

ನನಗೆ ಒಂದು ಚಟವಿದೆ. ಚಹಾ, ಅಡಿಕೆ, ಇಸ್ಪೀಟು ಇವೆಲ್ಲ ಮನೆಯವರ ಕಣ್ಣಿಗೆ ಬೀಳುವ ಚಟಗಳು. ಬಿಡಿಸಲು ನಾಲ್ಕು ಜನ ಮುಂದೆ ಬರುತ್ತಾರೆ. ನನ್ನದು ನೋಡುವವರಿಗೆ ವಿದ್ವತ್ತಿನ ಹಾಗೆ ಕಾಣುವುದರಿಂದ ಯಾರೂ ತಡೆಯಲಿಲ್ಲ. ಯಾವ ಮಾತೇ ಆಗಲಿ, ಎದುರಿಗೆ ನಿಂತ ಮನುಷ್ಯ ಹೇಳಿದರೆ ನಾನು ನಂಬುವುದಿಲ್ಲ. ಅದೇ ಮಾತು ಅಚ್ಚಾಗಿ, ಅಡಿಟಿಪ್ಪಣಿ ಸಮೇತ ಬಂದರೆ ಕೈ ಮುಗಿಯುತ್ತೇನೆ. ಹೊರಗೆ ಮಳೆ ಬಂತು, ಒಣಹಾಕಿದ ಬಟ್ಟೆ ತೆಗೆಯಿರಿ ಎಂದು ಹೆಂಡತಿ ಗಿರಿಜಾ ಕೂಗಿದರೆ, ಕಿಟಕಿಯ ಕಡೆ ನೋಡದೆ ಪತ್ರಿಕೆಯ ಹವಾಮಾನದ ಮೂಲೆ ಹುಡುಕಿದವನು ನಾನು. ಬಟ್ಟೆ ತೊಯ್ದವು. ಇತಿಹಾಸದ ಮೇಷ್ಟರಿಗೆ ಇರಲೇಬೇಕಾದ ಗುಣ ಇದು ಎಂದು ನನಗೆ ನಾನೇ ಬಹಳ ವರ್ಷ ಸಮಾಧಾನ ಹೇಳಿಕೊಂಡಿದ್ದೆ.

ಈ ಚಟಕ್ಕೆ ರೆಕ್ಕೆ ಬಂದದ್ದು ಪಿಎಚ್‌ಡಿಯಿಂದ. ನಾನು ಕುಷ್ಟಗಿಯ ಒಂದು ಕಾಲೇಜಿನಲ್ಲಿ ಇತಿಹಾಸ ಹೇಳುತ್ತೇನೆ. ಮನೆ ಕೊಪ್ಪಳಕ್ಕೆ ಅಂಟಿಕೊಂಡ ಭಾಗ್ಯನಗರದಲ್ಲಿ, ದಿನಾ ಬಸ್ಸಿನಲ್ಲಿ ಹೋಗಿಬರುವುದು. ಸಹೋದ್ಯೋಗಿಗಳೆಲ್ಲ ಒಬ್ಬೊಬ್ಬರಾಗಿ ಡಾಕ್ಟರೇಟು ಮಾಡಿಕೊಳ್ಳುವುದನ್ನು ನೋಡಲಾರದೆ, ಆನೆಗೊಂದಿಯ ಸುತ್ತಲಿನ ಹಳೆಯ ಕಾಲುವೆಗಳ ಮೇಲೆ ಸಂಶೋಧನೆ ಮಾಡುತ್ತೇನೆಂದು ನಾನೂ ವಿಶ್ವವಿದ್ಯಾಲಯದಲ್ಲಿ ಹೆಸರು ಹಚ್ಚಿದೆ. ಪ್ರಬಂಧ ಕಾಲುವೆಯ ಕಟ್ಟಕಡೆಯ ಗದ್ದೆಗೆ ನೀರು ಬಂದ ಹಾಗೆ ಬಂತು, ಅಂದರೆ ಬರಲೇ ಇಲ್ಲ. ಆದರೆ ಹೆಸರು ಹಚ್ಚಿದವರಿಗೆಲ್ಲ ಗ್ರಂಥಾಲಯದವರು ಒಂದು ಪಾಸ್‌ವರ್ಡು ಕೊಟ್ಟಿದ್ದರು. ಮನೆಯಲ್ಲೇ ಕೂತು ಜಗತ್ತಿನ ಸಂಶೋಧನಾ ಪತ್ರಿಕೆಗಳನ್ನು ಹುಡುಕಬಹುದಿತ್ತು. ಮೊದಲ ದಿನ ಕಾಲುವೆಯ ಇಂಗ್ಲಿಷ್ ಪದ ಹೊಡೆದೆ. ಬಂದದ್ದರಲ್ಲಿ ಅರ್ಧ ಕಿವಿಯೊಳಗಿನ ಕಾಲುವೆ, ಉಳಿದರ್ಧ ಹಲ್ಲಿನ ಬೇರಿನದು. ನಾನು ಕಾಲಿಟ್ಟಿದ್ದು ವೈದ್ಯಕೀಯ ಪತ್ರಿಕೆಗಳ ಭಂಡಾರಕ್ಕೆ. ತಪ್ಪಿ ಬಂದವನು ಹಿಂದಕ್ಕೆ ಹೋಗಬೇಕಿತ್ತು. ನಾನು ಇನ್ನೂ ಒಳಗೆ ಹೋದೆ. ಸಂಜೆಯ ಹೊತ್ತಿಗೆ ನನ್ನ ಎಡಗಿವಿ ತುರಿಸತೊಡಗಿತ್ತು.

ಆ ಭಂಡಾರಕ್ಕೆ ಒಂದು ಸ್ವಭಾವವಿದೆ. ಲೇಖನದ ಹೆಸರು ತೋರಿಸುತ್ತದೆ, ಹತ್ತು ಸಾಲಿನ ಸಾರಾಂಶವನ್ನೂ ಕೊಡುತ್ತದೆ. ಪೂರ್ತಿ ಲೇಖನ ಬೇಕೆಂದು ಒತ್ತಿದರೆ ಮಾತ್ರ, ನಿಮ್ಮ ಸಂಸ್ಥೆಗೆ ಈ ಸೌಲಭ್ಯ ಇಲ್ಲ ಎಂದು ಬಾಗಿಲು ಹಾಕಿಕೊಳ್ಳುತ್ತದೆ. ಹೀಗಾಗಿ ನನ್ನ ವೈದ್ಯಕೀಯ ಜ್ಞಾನವೆಲ್ಲ ಸಾರಾಂಶದ್ದು. ಅಷ್ಟರಲ್ಲೇ ಕಾಲೇಜಿನಲ್ಲಿ ಹೆಸರಾಯಿತು. ಭೌತಶಾಸ್ತ್ರದವರು ಕೆಮ್ಮಿದರೆ ನಾನು ಲ್ಯಾಪ್‌ಟಾಪು ತೆರೆಯುತ್ತಿದ್ದೆ; ಪಾಪ, ಅವರು ಎರಡು ದಿನ ರಜೆ ಹಾಕಿ ಹುಬ್ಬಳ್ಳಿಗೆ ಹೋಗಿ ಎದೆಯ ಫೋಟೊ ತೆಗೆಸಿಕೊಂಡು ಬಂದರು. ಅದು ಸೀಮೆಸುಣ್ಣದ ಧೂಳು. ಪಿಎಚ್‌ಡಿ ಆಗದಿದ್ದರೂ ಸ್ಟಾಫ್ ರೂಮಿನಲ್ಲಿ ನನ್ನನ್ನು ಡಾಕ್ಟರೆಂದು ಕರೆಯತೊಡಗಿದರು. ಅದರಲ್ಲಿ ಗೌರವ ಎಷ್ಟಿತ್ತೆಂದು ನಾನು ಸಂಶೋಧಿಸಲು ಹೋಗಲಿಲ್ಲ.

ಇಂಥ ನನಗೆ ನಿಜವಾದ ಕಾಯಿಲೆಯೇ ಬಂತು. ಬಲತೊಡೆಯ ಸಂದಿನ ಮೇಲೆ ನಿಂಬೆಕಾಯಿಯಷ್ಟು ಗಂಟು. ನಿಂತರೆ ಬರುತ್ತಿತ್ತು, ಮಲಗಿದರೆ ಹೋಗುತ್ತಿತ್ತು. ಗಿರಿಜಾ ಬಿಡದೆ ಕೊಪ್ಪಳದಲ್ಲಿರುವ ಡಾಕ್ಟರ್ ವೀರೇಶನ ಹತ್ತಿರ ಕರೆದುಕೊಂಡು ಹೋದಳು. ಈ ವೀರೇಶ, ನಾನು ಗಂಗಾವತಿಯ ಹೈಸ್ಕೂಲಿನಲ್ಲಿದ್ದಾಗ ನನ್ನ ವಿದ್ಯಾರ್ಥಿ. ಹಿಂದಿನ ಬೆಂಚಿನಲ್ಲಿ ಗೋಡೆಗೆ ಒರಗಿ ಕೂತು, ಒಂದೂ ಪ್ರಶ್ನೆ ಕೇಳದ ಹುಡುಗ. “ಗೊತ್ತಿಲ್ಲಂದ್ರ ಕೈ ಎತ್ತಿ ಕೇಳಪಾ, ಕೇಳಿದ್ರ ಯಾರೂ ಸಾಯಂಗಿಲ್ಲ” ಎಂದು ನಾನು ಅವನಿಗೆ ಎಷ್ಟು ಸಲ ಬೈದಿದ್ದೇನೋ ಲೆಕ್ಕವಿಲ್ಲ.

ಅವನು ಮುಟ್ಟಿ ನೋಡಿ, ಕೆಮ್ಮಿಸಿ ನೋಡಿ ಹೇಳಿದ: “ಹರ್ನಿಯಾ ಐತ್ರಿ ಸರ್. ಗುಳಿಗಿಗೆ ಹೋಗೂದಲ್ಲ, ಆಪರೇಷನ್ ಮಾಡಬೇಕು. ಇವತ್ತ ಆಗಬೇಕು ಅಂತಿಲ್ಲ. ಆದ್ರ ಮುಂದ ಹಾಕ್ಕೋತ ಹೋಗಬ್ಯಾಡ್ರಿ. ಒಂದೊಂದು ಸಲ ಅದು ಒಳಗ ಹೋಗದಂಗ ಸಿಕ್ಕೊಂಡು ಬಿಡ್ತೈತಿ. ಆವಾಗ ಜೀವಕ್ಕ ಬರ್ತೈತಿ. ಏನರ ಕೇಳೂದಿದ್ರ ಕೇಳ್ರಿ ಸರ್.”

ನಾನು ಗಂಭೀರವಾಗಿ ಕೇಳಿದೆ: “ಆಪರೇಷನ್ ಆದಮ್ಯಾಲ ಬದನಿಕಾಯಿ ತಿನ್ನಬಹುದೇನು?”

“ಎಲ್ಲಾ ತಿನ್ರಿ ಸರ್” ಎಂದು ಅವನು ನಕ್ಕ.

ಪಕ್ಕದಲ್ಲಿ ಕೂತ ಗಿರಿಜಾ ನಗಲಿಲ್ಲ. ಹೊರಗೆ ಬಂದ ಕೂಡಲೇ ಹೇಳಿದಳು: “ಅವರು ಹಂಗ ಹೇಳ್ತಾರ. ಹೊಲಿಗಿ ಹಾಕಿದ ಗಾಯಕ್ಕ ಬದನಿಕಾಯಿ ನಂಜು. ಮೂರು ತಿಂಗಳು ನಮ್ಮ ಮನಿಯಾಗ ಅದರ ಹೆಸರು ತಗಿಯಂಗಿಲ್ಲ.”

ಈ ಸೀಮೆಯವರಲ್ಲದ ಓದುಗರಿಗೆ ಇದರ ತೂಕ ತಿಳಿಯಲಿಕ್ಕಿಲ್ಲ. ನಂಜೆಂದರೆ ಗಾಯ ಮಾಯದೆ ಕೀವಾಗುವುದು. ಅದಕ್ಕೆ ಕಾರಣ ಬದನೆಕಾಯಿ ಎನ್ನುವುದರಲ್ಲಿ ಯಲಬುರ್ಗಾದ ನನ್ನ ಮಾವನ ಮನೆಯ ಮೂರು ತಲೆಮಾರಿಗೆ ಒಂದಿಷ್ಟೂ ಅನುಮಾನವಿಲ್ಲ. ಇತ್ತ ನನಗೋ, ಜೋಳದ ರೊಟ್ಟಿಯ ಪಕ್ಕದಲ್ಲಿ ಬದನೆಕಾಯಿಯ ಎಣ್ಣೆಗಾಯಿ ಇಲ್ಲದಿದ್ದರೆ ಅದು ಊಟವೇ ಅಲ್ಲ. ಗಿರಿಜಾ ಪ್ರಾಥಮಿಕ ಶಾಲೆಯ ಶಿಕ್ಷಕಿ. ಶಾಲೆಯಲ್ಲಿ ವಿಜ್ಞಾನವನ್ನೇ ಹೇಳುತ್ತಾಳೆ. ಅದನ್ನು ನೆನಪಿಸಿದರೆ, “ಅದು ಸಾಲಿ, ಇದು ಮನಿ” ಎಂದಳು. ಹಾಗಾದರೆ ಈ ವಿಷಯ ಅಚ್ಚಿನಲ್ಲಿ ಇತ್ಯರ್ಥವಾಗುವವರೆಗೆ ಆಪರೇಷನ್ ಇಲ್ಲ ಎಂದು ನಾನು ಘೋಷಿಸಿದೆ. ಸಂಶೋಧನೆ ಪ್ರಾರಂಭವಾಯಿತು.

ಹರ್ನಿಯಾ ಮತ್ತು ಬದನೆಕಾಯಿ ಎಂದು ಹೊಡೆದೆ. ಸೊನ್ನೆ ಫಲಿತಾಂಶ. ಇಂಗ್ಲಿಷಿನವರು ಬದನೆಕಾಯಿಗೆ ಎರಡು ಮೂರು ಹೆಸರಿಟ್ಟಿದ್ದಾರೆ. ಒಂದೊಂದನ್ನೂ ಹಾಕಿ ನೋಡಿದೆ. ಮತ್ತೂ ಸೊನ್ನೆ. ಲ್ಯಾಪ್‌ಟಾಪನ್ನು ಅಡುಗೆಮನೆಗೇ ಒಯ್ದು ತೋರಿಸಿದೆ. “ನೋಡು, ಬದನಿಕಾಯಿ ತಿಂದು ಕೆಟ್ಟವರು ಜಗತ್ತಿನಾಗ ಒಬ್ಬರೂ ಇಲ್ಲ.”

ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಪರದೆಯನ್ನು ನೋಡಿದಳು. “ಹೆಂಗಿರ್ತಾರ? ಆಪರೇಷನ್ ಆದವರಿಗೆ ಯಾರೂ ಬದನಿಕಾಯಿ ಕೊಟ್ಟಿಲ್ಲ. ಅವರಿಗೂ ಗೊತ್ತೈತಿ.”

ಒಂದೇ ಸೊನ್ನೆ, ಇಬ್ಬರಿಗೂ ಗೆಲುವು. ಇತಿಹಾಸದಲ್ಲಿ ಒಂದೇ ಯುದ್ಧವನ್ನು ಇಬ್ಬರು ರಾಜರೂ ಗೆದ್ದ ಶಾಸನಗಳನ್ನು ನಾನು ಕಂಡಿದ್ದೇನೆ. ಗಾಯ ಮತ್ತು ಆಹಾರದ ಬಗ್ಗೆ ಏನೋ ಒಂದು ಲೇಖನ ಸಿಕ್ಕಿತು, ಎಂದಿನಂತೆ ಸಾರಾಂಶ ಮಾತ್ರ. ಪೂರ್ತಿ ಪಾಠ ಕೊಡಿಸಿ ಎಂದು ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಫೋನು ಮಾಡಿದೆ. ಅಲ್ಲಿಯ ಮೇಡಂ ನನ್ನ ನೋಂದಣಿ ಸಂಖ್ಯೆ ಕೇಳಿ, “ಸರ್, ನಿಮ್ಮ ವಿಷಯ ಇತಿಹಾಸ ಅಲ್ಲೇನ್ರಿ? ಇದು ಹರ್ನಿಯಾದ ಇತಿಹಾಸಾನ್ರಿ?” ಎಂದು ಕೇಳಿದರು. ಹೌದೆಂದೆ. ಪೂರ್ತಿ ಸುಳ್ಳಲ್ಲ, ಅಷ್ಟು ಹೊತ್ತಿಗೆ ನನ್ನ ಹರ್ನಿಯಾಕ್ಕೂ ವರ್ಷ ತುಂಬುತ್ತಾ ಬಂದಿತ್ತು.

ಹೀಗೆ ಮಾವಿನಕಾಯಿಯ ಕಾಲ ಬಂದು ಹೋಯಿತು, ದಾಳಿಂಬೆಯ ಕಾಲ ಬಂದು ಹೋಯಿತು, ಗಂಟು ನಿಂಬೆಕಾಯಿಯಿಂದ ಮುಂದಕ್ಕೆ ಬೆಳೆಯಿತು. ವೀರೇಶ ಎರಡು ಸಲ ಫೋನು ಮಾಡಿದ. ಇನ್ನೂ ಓದುತ್ತಿದ್ದೇನೆಂದು ಹೇಳಿದೆ. ಮೇಷ್ಟರು ಓದುತ್ತೇನೆ ಎಂದರೆ ವಿದ್ಯಾರ್ಥಿ ಏನು ಹೇಳಬೇಕು?

ಒಂದು ಭಾನುವಾರ ಬೆಳಿಗ್ಗೆ ನಾನು ಅಂಗಿಗೆ ಇಸ್ತ್ರಿ ಹಾಕುತ್ತಿದ್ದೆ. ಗಿರಿಜಾ ತನ್ನ ತರಬೇತಿಯ ವರದಿ ಬರೆಯಲು ನನ್ನ ಲ್ಯಾಪ್‌ಟಾಪು ತೆರೆದಳು. ಗ್ರಂಥಾಲಯದ ಪುಟ ತೆರೆದೇ ಇತ್ತು. ಅದು ನಾವು ಹಿಂದೆ ಹುಡುಕಿದ್ದನ್ನೆಲ್ಲ ಒಂದೂ ಬಿಡದೆ ಬರೆದಿಟ್ಟುಕೊಳ್ಳುತ್ತದೆ. ಈ ಸಂಗತಿ ನನಗೆ ಅಂದಿನವರೆಗೆ ಗೊತ್ತಿರಲಿಲ್ಲ. ಅವಳು ಹಾಜರಿ ಕರೆಯುವ ದನಿಯಲ್ಲಿ, ಇಂಗ್ಲಿಷನ್ನು ಕನ್ನಡಕ್ಕೆ ತಿರುವಿಕೊಳ್ಳುತ್ತಾ ಓದತೊಡಗಿದಳು.

“ಹರ್ನಿಯಾ, ಬದನಿಕಾಯಿ. ಹರ್ನಿಯಾ, ಮತ್ತ ಬದನಿಕಾಯಿ. ಆಪರೇಷನ್ನಿನಾಗ ಎಚ್ಚರ ತಪ್ಪಸೂದು. ಎಚ್ಚರ ತಪ್ಪಿಸಿದವರು ಏಳತಾರೋ ಇಲ್ಲೋ. ಐವತ್ತು ದಾಟಿದವರು ಏಳತಾರೋ ಇಲ್ಲೋ. ಎಚ್ಚರ ಆಗದೇ ಇದ್ದವರು.” ಕೆಳಗೆ ಕೆಳಗೆ ಹೋದಳು. “ಬದನಿಕಾಯಿ ಮ್ಯಾಲಷ್ಟ ಐತಿ. ಉಳಿದಿದ್ದೆಲ್ಲಾ ಇದ ಐತಲ್ರಿ.”

ನಾನು ಇಸ್ತ್ರಿ ಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿದೆ. ಅವಳು ಇನ್ನೊಂದು ಸಾಲಿಗೆ ಬಂದಿದ್ದಳು. “ಗಂಟು ಒಳಗ ಹೋಗದಿದ್ರ ಎಷ್ಟು ತಾಸು ತಡೀಬಹುದು. ಇದು ಯಾವಾಗಿಂದು?”

ಅದು ಹಿಂದಿನ ಬುಧವಾರದ್ದು. ತರಗತಿಯಲ್ಲಿ ಪಾಠ ಹೇಳುತ್ತಿದ್ದವನಿಗೆ ಜೀವ ಹೋಗುವ ಹಾಗೆ ನೋವು ಬಂದು, ಸ್ಟಾಫ್ ರೂಮಿನ ಮೇಜಿನ ಮೇಲೆ ಮಲಗಿದ್ದೆ. ಗಂಟು ಒಳಗೆ ಹೋಗಲು ಮುಕ್ಕಾಲು ತಾಸು ಹಿಡಿಯಿತು. ಆ ಮುಕ್ಕಾಲು ತಾಸೂ ನಾನು ವೀರೇಶನಿಗೆ ಫೋನು ಮಾಡದೆ ಮೊಬೈಲಿನಲ್ಲಿ ಅದೇ ಪಾಸ್‌ವರ್ಡು ಹಾಕಿ ಸಾರಾಂಶ ಓದುತ್ತಿದ್ದೆ. ಮನೆಗೆ ಬಂದು ಗ್ಯಾಸ್ ಎಂದು ಹೇಳಿದ್ದೆ. ಈಗ ಹೇಳಲೇಬೇಕಾಯಿತು.

ಗಿರಿಜಾ ಬೈಯುತ್ತಾಳೆಂದುಕೊಂಡೆ. ಬೈಯಲಿಲ್ಲ. ಲ್ಯಾಪ್‌ಟಾಪು ಮುಚ್ಚಿ, ಅದರ ಮೇಲೆ ಕೈಯಿಟ್ಟುಕೊಂಡು ಕೂತಳು. “ನನಗ ಹೇಳಾಕ ಬರ್ಲಿಲ್ಲೇನ್ರಿ? ನಾ ಇಲ್ಲೇ ಅಡಗಿ ಮನ್ಯಾಗ ಇದ್ನಲ್ಲ” ಎಂದಳು. ನನಗೆ ನಿಜಕ್ಕೂ ನಾಚಿಕೆಯಾಯಿತು. ಅಂಜಿಕೆಗೆ ನಾನು ಬದನೆಕಾಯಿಯ ಹೆಸರಿಟ್ಟುಕೊಂಡು ಒಂದು ವರ್ಷ ಸಾಕಿದ್ದೆ.

ಆ ವಾರವೇ ಆಪರೇಷನ್ ಗೊತ್ತಾಯಿತು. ಹಸಿರು ಬಟ್ಟೆ ತೊಡಿಸಿ ಮೇಜಿನ ಮೇಲೆ ಮಲಗಿಸಿದರು. ವೀರೇಶ ಮುಖಗವುಸು ಹಾಕಿಕೊಂಡು ಬಂದು ನಿಂತ. ಇನ್ನು ಕೇಳದಿದ್ದರೆ ಕೇಳಲು ನಾನೇ ಇರುತ್ತೇನೋ ಇಲ್ಲವೋ ಎಂದುಕೊಂಡು ಕೈ ಎತ್ತಿದೆ.

“ಕೈ ಇಳಸ್ರಿ ಸರ್, ಸಲೈನ್ ಹಚ್ಚೀವಿ. ಏನು ಬೇಕು ಹೇಳ್ರಿ.”

“ವೀರೇಶ, ನನಗ ಮತ್ತ ಎಚ್ಚರ ಆಗ್ತೈತಲ್ಲಪಾ?”

ಅವನ ಕಣ್ಣುಗಳಷ್ಟೇ ಕಾಣುತ್ತಿದ್ದವು. “ನಿಮಗ ಎಚ್ಚರಾನ ತಪ್ಪಸಂಗಿಲ್ರಿ ಸರ್. ಬೆನ್ನಿಗೆ ಒಂದು ಸೂಜಿ ಹಾಕ್ತೀವಿ, ಸೊಂಟದ ಕೆಳಗ ಜೋಮು ಹಿಡೀತೈತಿ. ನೀವು ನನ್ನ ಜೋಡಿ ಮಾತಾಡಕೋತ ಇರ್ತೀರಿ. ಮೊದಲನೇ ದಿನಾನ ಕೇಳ್ರಿ ಅಂದ್ನಲ್ರಿ, ನೀವು ಬದನಿಕಾಯಿ ಕೇಳಿದ್ರಿ.”

ಹೊಲಿಗೆ ಹಾಕುವಷ್ಟು ಹೊತ್ತೂ ಅವನು ನನ್ನನ್ನು ಮಾತಾಡಿಸುತ್ತಲೇ ಇದ್ದ. ಜಗತ್ತಿನ ಪತ್ರಿಕೆಗಳಲ್ಲೆಲ್ಲ ಒಂದು ವರ್ಷ ಹುಡುಕಿದ ಉತ್ತರ ಮನೆಯಿಂದ ಎರಡು ಕಿಲೋಮೀಟರಿನಲ್ಲಿ ವೀರೇಶನ ದವಾಖಾನೆಯ ಸ್ಟೂಲಿನ ಮೇಲೆ ಕೂತಿತ್ತು, ಪೂರ್ತಿ ಪಾಠ ಸಮೇತ.

ಈಗ ಮನೆಯಲ್ಲಿ ವಿಶ್ರಾಂತಿ. ತಟ್ಟೆಗೆ ಹೀರೆಕಾಯಿ ಬರುತ್ತದೆ, ಮರುದಿನ ಬೇಳೆ, ಅದರ ಮರುದಿನ ಮತ್ತೆ ಹೀರೆಕಾಯಿ. ನಂಜಿನ ಕಾಯಿದೆಯಲ್ಲಿ ಒಂದು ದಿನದ ರಿಯಾಯಿತಿಯೂ ಇಲ್ಲ. ನನ್ನ ಮುಂದೆ ತಿನ್ನಲು ಮನಸ್ಸು ಬಾರದೆ ಗಿರಿಜಾ ತಾನೂ ಬದನೆಕಾಯಿ ಬಿಟ್ಟಿದ್ದಾಳೆ. ಇದರಿಂದ ನನ್ನ ಸಂಕಟ ಇಮ್ಮಡಿಯಾಗಿದೆ. ಹೀಗಾಗಿ ನಿನ್ನೆ ಮತ್ತೆ ಲ್ಯಾಪ್‌ಟಾಪು ತೆಗೆದು, ಗಾಯ ಮತ್ತು ಬದನೆಕಾಯಿ ಎಂದು ಹೊಡೆದೆ. ಇದೇ ಮೊದಲ ಸಲ ನಾನು ಶುದ್ಧ ಮನಸ್ಸಿನಿಂದ ಬದನೆಕಾಯಿಯನ್ನೇ ಹುಡುಕುತ್ತಿದ್ದೆ. ಮಜ್ಜಿಗೆ ತಂದ ಗಿರಿಜಾ ಪರದೆಯನ್ನು ನೋಡಿ, ಲೋಟವನ್ನು ಅಲ್ಲೇ ಇಟ್ಟು, ಮೆಲ್ಲಗೆ ನನ್ನ ಪಕ್ಕದಲ್ಲಿ ಕೂತಳು.

“ಖರೇ ಹೇಳ್ರಿ, ಈಗ ಮತ್ತ ಯಾವುದಕ್ಕ ಅಂಜಾಕತ್ತೀರಿ?”

ಏನಿಲ್ಲ, ಬರೀ ಬದನೆಕಾಯಿ ಎಂದೆ. ಅವಳು ನನ್ನ ಹಣೆ ಮುಟ್ಟಿ ನೋಡಿ, ವೀರೇಶನಿಗೆ ಫೋನು ಹಚ್ಚಿದಳು. ಎದುರಿಗಿದ್ದವರ ಬಾಯಿಮಾತನ್ನು ನಂಬದವರು ನಮ್ಮ ಮನೆಯಲ್ಲಿ ಈಗ ಇಬ್ಬರಾಗಿದ್ದೇವೆ.