ಪಕ್ಕದ ಸೀಟು ಮತ್ತು ಸರಣಿ ಕೊಲೆಗಾರ

ಹೆದರಿಸುವ ಸಿನಿಮಾಗಳನ್ನು ಒಬ್ಬಂಟಿಗರಿಗಾಗಿ ಯಾರೂ ತೆಗೆಯುವುದಿಲ್ಲ ಎಂದು ನನಗೆ ಬಹಳ ದಿನದಿಂದ ಅನುಮಾನ. ಭಯವಾದಾಗ ಹಿಡಿದುಕೊಳ್ಳಲು ಒಂದು ಕೈ ಬೇಕು. ಇಲ್ಲದಿದ್ದರೆ ಕುರ್ಚಿಯ ಹಿಡಿಯನ್ನೇ ಹಿಡಿದುಕೊಳ್ಳಬೇಕು, ಅದೋ ತಿರುಗಿ ಹಿಡಿದುಕೊಳ್ಳುವುದಿಲ್ಲ. ನನ್ನ ಹೆಂಡತಿ ಜಯ ತೀರಿಕೊಂಡ ಮೇಲೆ ಮೂರು ವರ್ಷ ನಾನು ಟಾಕೀಸಿನ ಕಡೆ ತಲೆ ಹಾಕಿರಲಿಲ್ಲ. ಆದರೆ ಹೊಸದಾಗಿ ಬಂದ ಸಿನಿಮಾದ ಈ ಸರಣಿ ಕೊಲೆಗಾರ ಬಿಡಲಿಲ್ಲ. ರಾಮನಗರದ ಗೋಡೆಗಳ ಮೇಲೆ ಅವನೇ, ಎಲ್ಲರ ಮೊಬೈಲಿನಲ್ಲೂ ಅವನೇ. ಬಿಡದಿಯಲ್ಲಿ ತಟ್ಟೆ ಇಡ್ಲಿಗೆ ಕೂತರೆ ಅಕ್ಕಪಕ್ಕದವರು ಚಟ್ನಿ ಮರೆತು ಅವನ ಮಾತೇ ಆಡುತ್ತಿದ್ದರು. ನಿಜ ಹೇಳಬೇಕೆಂದರೆ ನನಗೆ ಬೇಕಾಗಿದ್ದದ್ದು ಕೊಲೆಗಾರನಲ್ಲ. ತುಂಬಿದ ಟಾಕೀಸಿನಲ್ಲಿ, ಆಚೆ ಈಚೆ ಮನುಷ್ಯರಿರುವ ಕಡೆ, ಎರಡೂವರೆ ಗಂಟೆ ಕೂತು ಬರಬೇಕು. ಅಷ್ಟೇ ಆಸೆ.

ನನ್ನದು ರೇಷ್ಮೆಗೂಡು ಬೇಯಿಸಿ ನೂಲು ಬಿಚ್ಚುವ ಕೆಲಸ. ಅವತ್ತು ಬಿಸಿನೀರಿನ ತೊಟ್ಟಿಯ ಮುಂದಿನಿಂದ ಎದ್ದವನು ಕೈಕಾಲು ತೊಳೆದು ನೇರವಾಗಿ ಮ್ಯಾಟಿನಿಗೆ ಹೋದೆ. ಎಡಕ್ಕೆ ಗಂಡ ಹೆಂಡತಿ, ಬಲಕ್ಕೆ ಶಿಫ್ಟು ಮುಗಿಸಿ ಬಂದ ಫ್ಯಾಕ್ಟರಿಯವರು. ಮದುವೆಮನೆಯ ಪಂಕ್ತಿಯಲ್ಲಿ ಎಲೆ ಸಿಕ್ಕಷ್ಟು ಸಂತೋಷವಾಯಿತು.

ಸಿನಿಮಾ ಮಾತ್ರ ಸಪ್ಪೆ. ಆ ಕೊಲೆಗಾರ ಒಂದೊಂದು ಕೊಲೆಗೂ ಮುಂಚೆ ಮೇಣದಬತ್ತಿ ಹಚ್ಚಿ, ಕನ್ನಡಿ ನೋಡಿ, ತನ್ನ ಬಾಲ್ಯದ ಕಷ್ಟ ಹೇಳಿಕೊಳ್ಳುತ್ತಿದ್ದ. ಅಷ್ಟು ಹೊತ್ತಿಗೆ ನಮ್ಮಲ್ಲಿ ಒಂದು ಬುಟ್ಟಿ ಗೂಡು ಬೆಂದಿರುತ್ತದೆ. ಬೆಳಗಿನ ಕಾಫಿಗೆ ಮುಂಚೆಯೇ ಲೆಕ್ಕವಿಲ್ಲದಷ್ಟು ಹುಳುಗಳನ್ನು ಕುದಿನೀರಿಗೆ ಬಿಡುವ ನಾನು, ಒಂಬತ್ತು ಕೊಲೆ ಮಾಡಿ ಏದುಸಿರು ಬಿಡುವವನಿಗೆ ಹೆದರುವುದು ಹೇಗೆ? ಆದರೆ ಪಕ್ಕದ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡಳು. ಪಾಪ, ಪರದೆಯ ಮೇಲಿನ ಹೆಣ ನೋಡಿ ಹೆದರಿದ್ದಾಳೆ ಅಂದುಕೊಂಡೆ. ಅವಳ ಗಂಡ ಮೆಲ್ಲಗೆ, "ಏಳಮ್ಮಿ, ಅತ್ಲಾಗ್ ಕೂರನ" ಅಂದ. ಆಮೇಲೆ ಫ್ಯಾಕ್ಟರಿಯವರು ಒಬ್ಬರ ಹಿಂದೊಬ್ಬರು ಎದ್ದರು. ಕೊಲೆಗಾರನ ನೆಲಮಾಳಿಗೆ ಬರುವ ಹೊತ್ತಿಗೆ ಆ ಸಾಲಿನಲ್ಲಿ ಉಳಿದವನು ನಾನೊಬ್ಬನೇ.

ಆಗ ಹೊಳೆಯಿತು. ಬೆಂದ ಹುಳುವಿನ ವಾಸನೆ ನಮ್ಮ ಕಸುಬಿನವರ ಮೂಗಿಗೆ ಹತ್ತುವುದಿಲ್ಲ. ಜಯ ಇದ್ದಾಗ ಹೊಸ್ತಿಲಲ್ಲೇ ನನ್ನ ಕಾಲರು ಮೂಸಿ, "ಒಸಿ ನಿಂತ್ಕೊಳಿ, ಎಲ್ಲಿಗೆ ಹೊಂಟ್ರಿ ಹಿಂಗೆ?" ಎಂದು ಬಚ್ಚಲಿಗೆ ಅಟ್ಟುತ್ತಿದ್ದಳು. ಮೂವತ್ತು ವರ್ಷ ಅದನ್ನು ಕಿರಿಕಿರಿ ಎಂದೇ ತಿಳಿದಿದ್ದೆ. ದೀಪ ಹತ್ತುವ ಮುಂಚೆಯೇ ಎದ್ದು ಮನೆಗೆ ಬಂದುಬಿಟ್ಟೆ.

ಮಾರನೆಯ ದಿನ ಎರಡು ಸಲ ಸ್ನಾನ ಮಾಡಿ ಟೀ ಅಂಗಡಿಗೆ ಹೋದರೆ, ಮಿಕ್ಸಿ ರಿಪೇರಿಯ ಸಿದ್ದರಾಜು ಬೆಂಚಿನ ಮೇಲೆ ಜಾಗ ಮಾಡಿ ಪಕ್ಕದಲ್ಲೇ ಕೂರಿಸಿಕೊಂಡ.

"ಅಣ್ಣ, ಆ ಪಿಚ್ಚರ್ ನೋಡಿದ್ಯಾ?"

"ಇಲ್ಲ ಕಣಪ್ಪ," ಅಂದೆ. ನಾಲಗೆ ತಾನಾಗಿಯೇ ಸುಳ್ಳು ಹೇಳಿತು.

"ನೋಡ್ಲೇಬೇಕು ಕಣಣ್ಣ. ನಿನ್ನೆ ಮ್ಯಾಟ್ನಿಗೆ ಹೋಗಿದ್ದೆ. ಹೆಣ ತೋರ್ಸುದ್ರೆ ಥೇಟ್ ಹೆಣದ ವಾಸ್ನೆನೇ ಬಂದ್ಬುಡ್ತು. ಹಿಂದಕ್ಕೆ ತಿರುಗಿ ನೋಡಕ್ಕೂ ಧೈರ್ಯ ಬರ್ನಿಲ್ಲ ನಂಗೆ. ಎದ್ದು ಮುಂದ್ಲು ಸಾಲ್ಗೆ ಓಡ್ದೆ."

"ಪರದೆಯಿಂದ ಎಲ್ಲಾದ್ರೂ ವಾಸ್ನೆ ಬತ್ತದೇನ್ಲಾ?"

"ಏಸಿ ಗಾಳೀಲಿ ಬುಟ್ಟಿರ್ತಾರೆ. ಅದೇ ಅವ್ರ ಕೈಚಳಕ."

ಅರ್ಧ ಗಂಟೆ ಕೈ ಬಾಯಿ ಆಡಿಸುತ್ತ ಕಥೆ ಹೇಳಿದ. ನನ್ನ ಜೊತೆ ಅಷ್ಟು ಹೊತ್ತು ಯಾರಾದರೂ ಮಾತಾಡಿ ಎಷ್ಟು ಕಾಲವಾಗಿತ್ತೋ. ಆ ಕೈಚಳಕ ನನ್ನ ಅಂಗಿಯದು ಎಂದು ಹೇಳಬೇಕೆಂದು ಎರಡು ಸಲ ಬಾಯಿ ತೆರೆದೆ. ಹೇಳಿದರೆ ಬೆಂಚಿನ ಆ ತುದಿಗೆ ಸರಿದುಬಿಟ್ಟರೆ? ಟೀ ಕುಡಿದೆ.

"ಭಾನ್ವಾರ ಜೊತೇಲಿ ಹೋಗನ ಬಾ," ಅಂದ. "ಆ ವಾಸ್ನೆ ಇನ್ನೊಂದ್ಸಲ ಬತ್ತದಾ ನೋಡ್ಬೇಕು. ಬರ್ನಿಲ್ಲ ಅಂದ್ರೆ ಪಿಚ್ಚರಲ್ಲಿ ಏನೂ ಇಲ್ಲ."

ನಾಳೆಯೇ ಭಾನುವಾರ. ಕೆಲಸದಿಂದ ನೇರವಾಗಿ ಹೋದರೆ ಸಿನಿಮಾ ಗೆಲ್ಲುತ್ತದೆ, ಸಿದ್ದರಾಜು ಮುಂದಿನ ಸಾಲಿಗೆ ಓಡುತ್ತಾನೆ. ಮೈ ತೊಳೆದು ಹೋದರೆ ಸಿನಿಮಾ ಸೋಲುತ್ತದೆ, ಅವನು ಗೊಣಗುತ್ತ ನನ್ನ ಪಕ್ಕದಲ್ಲೇ ಕೂತಿರುತ್ತಾನೆ. ಹೊಸ ಸೋಪು, ಸೀಗೆಪುಡಿ ತಂದಿಟ್ಟಿದ್ದೇನೆ. ಊರೆಲ್ಲ ಹೊಗಳುತ್ತಿರುವ ಒಂದು ಸಿನಿಮಾವನ್ನು ಕೆಡಿಸುವುದಕ್ಕಾಗಿ ಇಷ್ಟು ಸಂಭ್ರಮದಿಂದ ಹಂಡೆಗೆ ನೀರು ತುಂಬಿಸುತ್ತಿರುವವನು ಈ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು.