‘ಪತ್ತೆಯಾಗಿಲ್ಲ’ ಎಂದು ವರದಿ ಬಂದಲ್ಲಿ ಹುಡುಕಾಡದಿರುವ ಬಗ್ಗೆ

ಹೆರಿಗೆ ಮತ್ತು ಮಕ್ಕಳ ಆಸ್ಪತ್ರೆ, ಆಡಳಿತ ಶಾಖೆ
ಕ್ರಮಾಂಕ: ತಾಮವಿ/ಹುಡುಕಾಟ/೩೧೭/ತಿದ್ದುಪಡಿ-೪

ಸುತ್ತೋಲೆ

ವಿಷಯ: ತಾಯಿಯಿಂದ ಮಗುವಿಗೆ ಗರ್ಭದಲ್ಲಿ ಅಥವಾ ಹೆರಿಗೆಯ ವೇಳೆ ದಾಟಬಹುದಾದ ವೈರಾಣು ಮಗುವಿನಲ್ಲಿ ಇಲ್ಲವೆಂದು ತಿಳಿದುಬಂದಾಗ ಸಿಬ್ಬಂದಿ, ಪೋಷಕರು ಹಾಗೂ ಅತ್ತೆಯಂದಿರು ನಡೆದುಕೊಳ್ಳತಕ್ಕ ರೀತಿಯ ಕುರಿತು.

ಉಲ್ಲೇಖ:
(ಅ) ಪ್ರಯೋಗಾಲಯದ ಚೀಟಿ (ಸಾಲುಗಳು ಎರಡು, ಓದಲಾಗಿದ್ದು ಒಂದು).
(ಆ) ದಾಖಲೆ ವಿಭಾಗದ ‘ಅತಿ ತುರ್ತು’ ಹುಡುಕಾಟದ ಆದೇಶ.
(ಇ) ಹೂಕುಂಡಗಳ ಬಗ್ಗೆ ತೋಟದ ಮಾಲಿಯ ದೂರು, ಮತ್ತು ಅದೇ ದಿನ ಅವರೇ ನಗುತ್ತಾ ಬಂದು ಅದನ್ನು ಹಿಂಪಡೆದ ಪತ್ರ.

ಮೇಲ್ಕಂಡ ವಿಷಯದಲ್ಲಿ ಈ ಆಸ್ಪತ್ರೆಯಲ್ಲಿ ನಡೆದ ಘಟನೆಯನ್ನು ಎಲ್ಲರ ಅವಗಾಹನೆಗೆ ತರಲಾಗಿದೆ. ಸಂಬಂಧಪಟ್ಟ ತಾಯಿಯವರ ಲಿಖಿತ ಒಪ್ಪಿಗೆ ಪಡೆಯಲಾಗಿದೆ. ಹೆಸರು ಹಾಕಕೂಡದು, ಆದರೆ ಮಗು ಚೆನ್ನಾಗಿದೆ ಎಂಬುದನ್ನು ಮೊದಲೇ ಹೇಳಿಬಿಡಬೇಕು, ಓದುವವರ ಜೀವ ಬಾಯಿಗೆ ಬರಬಾರದು ಎಂಬುದು ಅವರ ಷರತ್ತು. ಅದರಂತೆ, ಮಗು ಚೆನ್ನಾಗಿದೆ.

೧. ಸದರಿ ತಾಯಿಯವರು ಬಸ್ಸಿನ ನಿರ್ವಾಹಕಿ. ಐದನೇ ತಿಂಗಳಲ್ಲಿ ಮಾಡಿದ ರಕ್ತ ಪರೀಕ್ಷೆಯಲ್ಲಿ ಅವರಿಗೆ ಹೆಪಟೈಟಿಸ್ ಬಿ ವೈರಾಣು ಇರುವುದು ತಿಳಿದುಬಂದಿತ್ತು. ಅವರಿಗೆ ಯಾವ ತೊಂದರೆಯೂ ಕಾಣಿಸಿಕೊಂಡಿರಲಿಲ್ಲ. ಆದರೆ ಹೆರಿಗೆಯ ಹೊತ್ತಿಗೆ ಮಗುವಿಗೆ ದಾಟುವ ಸಂಭವ ಇತ್ತು. ಆ ದಿನ ಹಿರಿಯ ಶುಶ್ರೂಷಕಿಯವರು, “ಹೆದರ್ಕೋಬೇಡಮ್ಮ. ಮಗು ಹೊರಗೆ ಬಂದ ತಕ್ಷಣ ಎರಡು ಸೂಜಿ, ಎರಡು ತೊಡೆಗೆ. ಆಮೇಲೆ ಹೇಳಿದ ತಾರೀಖಿಗೆ ತಪ್ಪದೆ ಬಾ. ಉಳಿದದ್ದು ನನಗೆ ಬಿಡು,” ಎಂದು ತಿಳಿಸಿದ್ದಾಗಿ ದಾಖಲಾಗಿದೆ. ತಾಯಿಯವರು ಹೇಳಿದ ಮಾತ್ರೆಗಳನ್ನು ಒಂದೂ ಬಿಡದೆ ನುಂಗಿದ್ದಾರೆ. ಮಗು ಹುಟ್ಟಿದ ನಲವತ್ತನೇ ನಿಮಿಷಕ್ಕೆ ಎರಡೂ ಸೂಜಿ ಬಿದ್ದಿವೆ. ಮುಂದಿನ ಲಸಿಕೆಗಳಿಗೆ ಅವರು ಪ್ರತಿ ಸಲವೂ ಆಸ್ಪತ್ರೆಯ ಬಾಗಿಲು ತೆರೆಯುವ ಮುನ್ನವೇ ಬಂದು, ಕಾವಲುಗಾರರಿಗೆ ತಡವಾಯಿತೆಂದು ಗದರಿದ್ದಾರೆ.

೨. ಮಗುವಿಗೆ ಹತ್ತು ತಿಂಗಳು ತುಂಬಿದಾಗ, ವೈರಾಣು ದಾಟಿದೆಯೇ ಇಲ್ಲವೇ ಎಂದು ಖಚಿತಪಡಿಸಲು ರಕ್ತ ತೆಗೆಯಲಾಯಿತು. ವರದಿ ಬರುವವರೆಗಿನ ನಾಲ್ಕು ದಿನ ತಾಯಿಯವರು ಬಸ್ಸಿನಲ್ಲಿ ಇಳಿಯುವವರಿಗೂ ಟಿಕೆಟ್ ಹರಿದುಕೊಟ್ಟಿರುವುದಾಗಿ ಪ್ರಯಾಣಿಕರಿಂದ ತಿಳಿದುಬಂದಿದೆ. ನಂತರ ಬಂದ ಚೀಟಿಯ ಮೊದಲ ಸಾಲು: “ವೈರಾಣು ಪತ್ತೆಯಾಗಿಲ್ಲ.” ಎರಡನೇ ಸಾಲು: “ರಕ್ಷಣಾ ಶಕ್ತಿ ಸಾಕಷ್ಟಿದೆ.”

೩. ಈ ಚೀಟಿ ನೇರವಾಗಿ ಮಕ್ಕಳ ವೈದ್ಯರಿಗೆ ಹೋಗಬೇಕಾಗಿತ್ತು. ಹಾಗಾಗದೆ ದಾಖಲೆ ವಿಭಾಗದ ಹೊಸ ಗುಮಾಸ್ತರ ಮೇಜಿಗೆ ಹೋಯಿತು. ಸದರಿ ಗುಮಾಸ್ತರು ಇದಕ್ಕೂ ಮುಂಚೆ ಹನ್ನೊಂದು ವರ್ಷ ರೈಲು ನಿಲ್ದಾಣದ ಕಳೆದುಹೋದ ಸಾಮಾನುಗಳ ಕೋಣೆಯಲ್ಲಿ ಛತ್ರಿ, ಟೋಪಿ, ಊಟದ ಡಬ್ಬಿಗಳನ್ನು ವಾರಸುದಾರರಿಗೆ ಮುಟ್ಟಿಸಿ ಒಳ್ಳೆಯ ಹೆಸರು ಪಡೆದವರು. ಅವರು “ಪತ್ತೆಯಾಗಿಲ್ಲ” ಎಂಬಲ್ಲಿಗೆ ಓದು ನಿಲ್ಲಿಸಿ, ಕನ್ನಡಕ ತೆಗೆದು, ಒಂದು ನಿಟ್ಟುಸಿರು ಬಿಟ್ಟು, ಹುಡುಕಾಟಕ್ಕೆ ಆದೇಶಿಸಿದರು.

೪. ಆದೇಶದಲ್ಲಿ ಕಳೆದುಹೋದ ವಸ್ತುವಿನ ವಿವರ ಹೀಗಿತ್ತು. ಗಾತ್ರ: ತೀರಾ ಚಿಕ್ಕದು. ಬಣ್ಣ: ತಿಳಿದಿಲ್ಲ. ಕೊನೆಯ ಬಾರಿ ಕಂಡದ್ದು: ತಾಯಿಯ ಬಳಿ. ಇದರನ್ವಯ ಮೂರು ಮಹಡಿಗಳ ಮಂಚದ ಕೆಳಗೆ, ದಿಂಬಿನೊಳಗೆ, ಅಡುಗೆಮನೆಯ ಹಿಟ್ಟಿನ ಡಬ್ಬದಲ್ಲಿ ಎರಡು ದಿನ ಶೋಧಿಸಲಾಯಿತು. ದೊರೆತವು: ಒಂಟಿ ಓಲೆ ಒಂದು, ಚಮಚ ಆರು, ಮಕ್ಕಳ ವೈದ್ಯರ ಎಡಗಾಲಿನ ಚಪ್ಪಲಿ, ನಿವೃತ್ತ ಕಾವಲುಗಾರರ ಮೇಲಿನ ಸಾಲಿನ ಕಟ್ಟಿಸಿದ ಹಲ್ಲು. ವೈರಾಣು ದೊರೆಯಲಿಲ್ಲ. ಇದರಿಂದ ಗುಮಾಸ್ತರಿಗೆ ನಿದ್ದೆ ಬರಲಿಲ್ಲವೆಂದು ಅವರ ಮನೆಯವರು ಹೇಳಿದ್ದಾರೆ.

೫. ಮೂರನೇ ದಿನ ಅವರು ತಮ್ಮ ಹಳೆಯ ಕಚೇರಿಯಿಂದ ಉಳಿಸಿಕೊಂಡು ಬಂದಿದ್ದ ಅಚ್ಚು ನಮೂನೆಯಲ್ಲಿ ತಾಯಿಗೆ ಪತ್ರ ಕಳುಹಿಸಿದರು: “ತಮ್ಮ ಮಗುವಿನ ರಕ್ತದ ವಿಷಯದಲ್ಲಿ ವಿಷಾದಿಸುತ್ತೇವೆ. ನಮ್ಮ ಪ್ರಯತ್ನ ಮುಂದುವರಿದಿದೆ. ಕೂಡಲೇ ಬಂದು ಕಾಣತಕ್ಕದ್ದು.”

೬. ಪತ್ರ ಬಸ್ ಡಿಪೋದಲ್ಲಿ ತಾಯಿಯ ಕೈ ಸೇರಿತು. ಅವರು ಸಮವಸ್ತ್ರದಲ್ಲೇ, ಕೊರಳಲ್ಲಿ ಸೀಟಿ, ಹೆಗಲಲ್ಲಿ ಟಿಕೆಟ್ ಚೀಲ ಸಮೇತ ಮನೆಗೆ ಓಡಿ, ಅತ್ತೆಯ ಸೊಂಟದ ಮೇಲೆ ಮಗುವನ್ನು ಕೂರಿಸಿ, ಇಬ್ಬರನ್ನೂ ಕರೆದುಕೊಂಡು ಆಸ್ಪತ್ರೆಗೆ ಬಂದರು. ದಾರಿಯುದ್ದಕ್ಕೂ ಅವರು ಆಡಿದ್ದು ಒಂದೇ ಮಾತು: “ಅತ್ತೆ, ನನ್ನಿಂದಲೇ ಬಂತಲ್ಲಾ.” ಅದಕ್ಕೆ ಅತ್ತೆಯವರು, “ಬಾಯಿ ಮುಚ್ಚು. ನಿನ್ನಿಂದ ಬಂದಿದ್ದು ಈ ಮೂಗು. ಅದೊಂದೇ ನನಗೆ ಗೊತ್ತಿರೋದು,” ಎಂದು ಹೇಳಿ, ಸೊಸೆಗೆ ಕಾಣದಂತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡಿದ್ದಾರೆ.

೭. ದಾಖಲೆ ವಿಭಾಗದಲ್ಲಿ ನಡೆದ ಸಂಭಾಷಣೆಯನ್ನು ವಿಚಾರಣೆಯಲ್ಲಿ ಅಕ್ಷರಶಃ ದಾಖಲಿಸಿಕೊಳ್ಳಲಾಗಿದೆ.
ಗುಮಾಸ್ತರು: “ಧೈರ್ಯ ತಗೊಳ್ಳಿ ಅಮ್ಮ. ಎಲ್ಲಾ ಕಡೆ ಹುಡುಕಿಸ್ತಾ ಇದೀವಿ. ಸಿಕ್ಕೇ ಸಿಗುತ್ತೆ.”
ತಾಯಿ: “ಏನು ಸಿಗುತ್ತೆ?”
ಗುಮಾಸ್ತರು: “ವೈರಾಣು. ಮಗು ಹತ್ರ ಇರಬಹುದು ಅಂತ ನೋಡಿದ್ರಂತೆ. ಇಲ್ಲ.”
ಅತ್ತೆ: “ಇಲ್ವಾ?”
ಗುಮಾಸ್ತರು: “ಇಲ್ಲಮ್ಮ. ಕ್ಷಮಿಸಿ.”
ಅತ್ತೆ: “ಇನ್ನೊಂದ್ಸಲ ಹೇಳಪ್ಪಾ.”
ಗುಮಾಸ್ತರು (ಕಣ್ಣಲ್ಲಿ ನೀರು): “ಒಂದೇ ಒಂದೂ ಸಿಗಲಿಲ್ಲ, ತಾಯಿ.”

೮. ಈ ಹಂತದಲ್ಲಿ ಅತ್ತೆಯವರು ಮಗುವನ್ನು ಮೇಜಿನ ಮೇಲೆ ಕೂರಿಸಿ, ಗುಮಾಸ್ತರ ಎರಡೂ ಕೆನ್ನೆ ಹಿಡಿದು, ಹಣೆಗೆ ಮೂರು ಬಾರಿ ಮುತ್ತಿಟ್ಟರು. ಗದ್ದಲ ಕೇಳಿ ಓಡಿಬಂದ ಹಿರಿಯ ಶುಶ್ರೂಷಕಿಯವರು ಚೀಟಿ ಕಿತ್ತುಕೊಂಡು ಎರಡೂ ಸಾಲುಗಳನ್ನು ಗಟ್ಟಿಯಾಗಿ ಓದಿದರು. ತಾಯಿಯವರು, “ಇಲ್ಲ ಅಂದ್ರೆ… ಇಲ್ಲವೇ ಇಲ್ವಾ, ಸಿಸ್ಟರ್?” ಎಂದು ಕೇಳಿದರು. “ಇಲ್ಲವೇ ಇಲ್ಲ ಕಣೇ. ಗೆದ್ದುಬಿಟ್ಟೆ,” ಎಂಬ ಉತ್ತರ ಬಂತು. ತಾಯಿಯವರು ಅಲ್ಲೇ ನೆಲದ ಮೇಲೆ ಕುಳಿತರು. ಆಮೇಲೆ ಅವರು ಸೀಟಿ ಊದಿದರು.

೯. ಸೀಟಿಯ ಅವಧಿ ಹನ್ನೊಂದು ಸೆಕೆಂಡು. ಪರಿಣಾಮಗಳು: ಹೊರರೋಗಿಗಳ ಸಾಲು ತಾನಾಗಿಯೇ ಎರಡು ಹೆಜ್ಜೆ ಮುಂದೆ ಸರಿಯಿತು. ಅಂಗಳದಲ್ಲಿದ್ದ ಆಂಬುಲೆನ್ಸ್ ಚಾಲಕರು ತಮಗೇ ಹೇಳಿದ್ದೆಂದು ತಿಳಿದು ಗಾಡಿಯನ್ನು ಹಿಂದಕ್ಕೆ ಬಿಟ್ಟು ಹೂಕುಂಡ ನಾಲ್ಕು ಒಡೆದರು. ವಿಷಯ ತಿಳಿದ ಮೇಲೆ ಅವರೂ ಹಾರನ್ ಬಾರಿಸಿದರು. ಮಕ್ಕಳ ವೈದ್ಯರು ಒಂದೇ ಕಾಲಿನ ಚಪ್ಪಲಿಯಲ್ಲಿ ಗಾಲಿಕುರ್ಚಿಯ ಇಳಿಜಾರಿನ ಮೇಲೆ ಕುಣಿದರು. ಕುಣಿತದ ಕಾರಣ ಗೊತ್ತಿಲ್ಲದ ಹದಿನಾಲ್ಕು ಮಂದಿಯೂ ಕುಣಿದಿದ್ದಾರೆ. ಅವರಲ್ಲಿ ಒಬ್ಬರ ಕಾಲಿಗೆ ಪ್ಲಾಸ್ಟರ್ ಇತ್ತು.

ಈ ಹಿನ್ನೆಲೆಯಲ್ಲಿ ಕೆಳಕಂಡಂತೆ ಆದೇಶಿಸಲಾಗಿದೆ:

೧೦. ಪ್ರಯೋಗಾಲಯದ ಚೀಟಿಯಲ್ಲಿ “ಪತ್ತೆಯಾಗಿಲ್ಲ” ಎಂದಿದ್ದರೆ ಅದನ್ನು ಶುಭ ಸಮಾಚಾರವೆಂದು ಪರಿಗಣಿಸತಕ್ಕದ್ದು. ಯಾರೂ ಹುಡುಕತಕ್ಕದ್ದಲ್ಲ. ಹುಡುಕಲೇಬೇಕೆಂಬ ಆಸೆ ತಡೆಯಲಾರದವರು ತಮ್ಮ ಕುರ್ಚಿಯಲ್ಲೇ ಕುಳಿತು, ಕಣ್ಣು ಮುಚ್ಚಿ, ಕಚೇರಿ ವೇಳೆಯಲ್ಲಿ ಮಾತ್ರ ಹುಡುಕಬಹುದು.

೧೧. ಚೀಟಿಯನ್ನು ಕೊನೆಯ ಸಾಲಿನವರೆಗೂ ಓದತಕ್ಕದ್ದು. ಮೊದಲ ಸಾಲಿಗೇ ನಿಟ್ಟುಸಿರು ಬಿಡುವವರು ಮೇಲಧಿಕಾರಿಯ ಅನುಮತಿ ಪಡೆದು ಬಿಡತಕ್ಕದ್ದು.

೧೨. ಅತ್ತೆಯಂದಿರು ಸಿಬ್ಬಂದಿಗೆ ಮುತ್ತಿಡುವುದನ್ನು ಒಬ್ಬರಿಗೆ ಒಂದಕ್ಕೆ ಮಿತಿಗೊಳಿಸಲಾಗಿದೆ. ಹೆಚ್ಚುವರಿ ಎರಡನ್ನು ಗುಮಾಸ್ತರು ಹಿಂದಿರುಗಿಸಬೇಕೇ ಎಂಬುದನ್ನು ಕಾನೂನು ಶಾಖೆಯ ಅಭಿಪ್ರಾಯಕ್ಕೆ ಕಳುಹಿಸಲಾಗಿದೆ. ಅಭಿಪ್ರಾಯ ಬರುವವರೆಗೆ ಅವರು ಹಣೆ ತೊಳೆಯತಕ್ಕದ್ದಲ್ಲ.

೧೩. ನಗು ಮತ್ತು ಅಳು ಏಕಕಾಲದಲ್ಲಿ ಬಂದಲ್ಲಿ ಅದನ್ನು ನಗುವೆಂದೇ ನಮೂದಿಸತಕ್ಕದ್ದು. ಅಳುವಿಗೆ ಪ್ರತ್ಯೇಕ ನಮೂನೆ ಇದ್ದು, ಅದು ಮುಗಿದುಹೋಗಿದೆ.

೧೪. ಪ್ಲಾಸ್ಟರ್ ಇರುವ ಕಾಲನ್ನು ಕುಣಿತಕ್ಕೆ ಬಳಸುವುದನ್ನು ನಿಷೇಧಿಸಲಾಗಿದೆ. ಇನ್ನೊಂದು ಕಾಲಿನ ಬಗ್ಗೆ ಈ ಶಾಖೆಗೆ ಆಕ್ಷೇಪವಿಲ್ಲ.

೧೫. ಮೇಜಿನ ಮೇಲೆ ಕೂರಿಸಲಾಗಿದ್ದ ಮಗುವು ಮೇಲ್ಕಂಡ ಅವಧಿಯಲ್ಲಿ ಹುಡುಕಾಟದ ಆದೇಶದ ಮೂಲಪ್ರತಿಯ ಬಲಮೂಲೆಯನ್ನು, ಉಪನಿರ್ದೇಶಕರ ಷರಾ ಸಮೇತ, ತಿಂದಿರುತ್ತದೆ. ಷರಾ ಏನಿತ್ತೆಂದು ಉಪನಿರ್ದೇಶಕರಿಗೂ ನೆನಪಿಲ್ಲ. ಆದ್ದರಿಂದ ಅದನ್ನು ಮಂಜೂರಾತಿಯೆಂದೇ ಭಾವಿಸಲಾಗಿದೆ. ವಿಚಾರಣೆಯಲ್ಲಿ ಮಗು ನೀಡಿದ ಹೇಳಿಕೆ: “ತ್ತ.” ಹೇಳಿಕೆಯನ್ನು ಓದಿ ಹೇಳಿ ಹೆಬ್ಬೆಟ್ಟು ಪಡೆಯಲಾಗಿದೆ.

೧೬. ಗರ್ಭಿಣಿಯರೆಲ್ಲರ ರಕ್ತ ಪರೀಕ್ಷೆಯನ್ನು ಮೊದಲ ಭೇಟಿಯಲ್ಲೇ ಮಾಡತಕ್ಕದ್ದು. ಹುಟ್ಟಿದ ಕೂಡಲೇ ಕೊಡಬೇಕಾದ ಸೂಜಿಗಳನ್ನು ಕೊಟ್ಟ ನಂತರವೇ ಮಗು ಯಾರ ಹಾಗಿದೆ ಎಂಬ ಚರ್ಚೆ ಆರಂಭಿಸತಕ್ಕದ್ದು. ತಾಯಿಯ ಸ್ವಂತ ತಪಾಸಣೆ ಮುಂದುವರಿಯತಕ್ಕದ್ದು. ಮಗುವಿನ ಸಂಭ್ರಮದಲ್ಲಿ ಅವರು ಇದನ್ನು ಮರೆತರೆ ನೆನಪಿಸುವ ಹೊಣೆ ಅತ್ತೆಯವರದು, ಅವರ ಕಂಠ ಅದಕ್ಕೆ ಸಾಕಾಗುತ್ತದೆ.

೧೭. “ನಿನ್ನಿಂದಲೇ ಬಂತು” ಎಂಬ ವಾಕ್ಯವನ್ನು ಯಾವ ತಾಯಿಗೂ ಯಾರೂ ಹೇಳತಕ್ಕದ್ದಲ್ಲ. ತಾಯಿಯೂ ತನಗೆ ತಾನೇ ಹೇಳಿಕೊಳ್ಳತಕ್ಕದ್ದಲ್ಲ. ಈ ಖಂಡಿಕೆಗೆ ಯಾವ ವಿನಾಯಿತಿಯೂ ಇಲ್ಲ.

೧೮. ಮಗುವಿನ ಹೆಸರನ್ನು ನಿಗಾ ಪಟ್ಟಿಯಿಂದ ತೆಗೆಯುವಾಗ ಒಂದು ತೊಡಕು ಕಂಡುಬಂದಿದೆ. ವಹಿಯಲ್ಲಿ ಹೆಸರು ತೆಗೆಯಲು ಇರುವ ಕಾರಣಗಳು ಮೂರೇ: ವರ್ಗಾವಣೆ, ಮರಣ, ಊರು ಬಿಟ್ಟಿದ್ದಾರೆ. ಚೆನ್ನಾಗಿದೆ ಎಂಬುದಕ್ಕೆ ಅಂಕಣ ಇಲ್ಲ. ಹೊಸ ಅಂಕಣ ಅಚ್ಚಾಗಲು ಎರಡು ವರ್ಷ ಹಿಡಿಯುವುದರಿಂದ, ಹಿರಿಯ ಶುಶ್ರೂಷಕಿಯವರು ಅಂಚಿನಲ್ಲಿ ಕೈಯಿಂದಲೇ “ಚೆನ್ನಾಗಿದೆ. ಇನ್ನು ಬರಬೇಕಾಗಿಲ್ಲ” ಎಂದು ಬರೆದಿದ್ದಾರೆ. ಗುಮಾಸ್ತರು ಅದಕ್ಕೆ ಮೊಹರು ಒತ್ತಿದ್ದಾರೆ. ಒತ್ತುವಾಗ ಹಾಡುತ್ತಿದ್ದರು.

ಈ ಆದೇಶ ತಕ್ಷಣ ಜಾರಿಗೆ ಬರುತ್ತದೆ.

(ಸಹಿ)
ಆಡಳಿತಾಧಿಕಾರಿ
(ಸಹಿ ವಕ್ರವಾಗಿರುವುದಕ್ಕೆ ಬರೆಯುವಾಗ ಬಂದ ನಗುವೇ ಕಾರಣವೆಂದು ದೃಢೀಕರಿಸಲಾಗಿದೆ.)

ಪ್ರತಿಗಳು:
ಪ್ರಯೋಗಾಲಯದ ಮುಖ್ಯಸ್ಥರಿಗೆ, ಇನ್ನು ಮುಂದೆ ದಪ್ಪ ಅಕ್ಷರದಲ್ಲಿ ಬರೆಯುವ ಕೋರಿಕೆಯೊಂದಿಗೆ.
ತೋಟದ ಮಾಲಿಗೆ, ಹೊಸ ಕುಂಡ ನಾಲ್ಕರ ಸಮೇತ.
ನಿವೃತ್ತ ಕಾವಲುಗಾರರಿಗೆ, ಹಲ್ಲಿನ ಸಮೇತ. ಧರಿಸಿಕೊಂಡು ಸ್ವೀಕೃತಿ ನೀಡತಕ್ಕದ್ದು.
ಅತ್ತೆಯವರಿಗೆ, ಮುದ್ದಾಂ ಮೂಲಕ ಕೈಗೇ ತಲುಪುವಂತೆ. ಮುದ್ದಾಂ ತಂದವರು ನಾಲ್ಕು ಮಾರು ದೂರ ನಿಲ್ಲತಕ್ಕದ್ದು.
ಎರಡನೇ ವಾರ್ಡಿನ ಆರನೇ ಮಂಚದ ಗರ್ಭಿಣಿಗೆ. ಇವರ ರಕ್ತದ ವರದಿ ಇಂದು ಬೆಳಿಗ್ಗೆಯಷ್ಟೇ “ವೈರಾಣು ಪತ್ತೆಯಾಗಿದೆ” ಎಂದು ಬಂದಿದ್ದು, ಆಗಿನಿಂದ ಗೋಡೆಯ ಕಡೆ ತಿರುಗಿ ಮಲಗಿದ್ದಾರೆ. ಹಿರಿಯ ಶುಶ್ರೂಷಕಿಯವರು ಪಕ್ಕದಲ್ಲಿ ಕುಳಿತು, ಮೊದಲಿನಿಂದ ಕೊನೆಯವರೆಗೆ ಓದಿ ಹೇಳತಕ್ಕದ್ದು. ನಕ್ಕರೆ ತಡೆಯತಕ್ಕದ್ದಲ್ಲ.