ಅತ್ತೆಯವರ ಹೀಟಿಂಗ್ ಪ್ಯಾಡ್ ಮತ್ತು ಆರು ಕೋಳಿಮರಿಗಳು

ಆರು ಕೋಳಿಮರಿಗಳನ್ನು ನಾಲ್ಕು ದಿನ ಬೆಚ್ಚಗಿಡಲು ಬಾರದವನು ತನ್ನನ್ನು ಪತ್ರಕರ್ತನೆಂದು ಕರೆದುಕೊಳ್ಳಬಾರದು ಎಂದು ನಾನು ಘೋಷಿಸಿದ್ದು ನಿಜ. ಘೋಷಿಸಿದ್ದು ನಮ್ಮ ಮನೆಯ ಕಟ್ಟೆಯ ಮೇಲೆ ನಿಂತು, ಪಕ್ಕದ ಮನೆಯ ಖತೀಜಾ ಬೇಗಂ ಅವರ ಎದುರು, ಓಣಿಯ ಅರ್ಧ ಜನರಿಗೆ ಕೇಳುವ ಹಾಗೆ. ಹೋದ ಚಳಿಗಾಲದಲ್ಲಿ ಭಾಲ್ಕಿ ತಾಲ್ಲೂಕಿನ ಕೋಳಿ ಸಾಕಣೆಯ ಮೇಲೆ ಅರ್ಧ ಪುಟದ ವಿಶೇಷ ವರದಿ ಬರೆದವನು ನಾನು. ಸಾಯಗಾಂವದ ಒಂದು ಕೋಳಿ ಶೆಡ್ಡಿನಲ್ಲಿ ನಿಂತು ಫೋಟೊ ತೆಗೆಸಿಕೊಂಡವನು ನಾನು. ಬೀದರಿನಲ್ಲಿ ಈ ವಿಷಯದಲ್ಲಿ ನನಗಿಂತ ಅರ್ಹರು ಯಾರಿದ್ದರು, ಹೇಳಿ!

ಖತೀಜಾ ಬೇಗಂ ತಂಗಿಯ ಮಗಳ ಮದುವೆಗೆ ಔರಾದಕ್ಕೆ ಹೊರಟಿದ್ದರು. ಕೈಯಲ್ಲಿ ಬುಟ್ಟಿ, ಬುಟ್ಟಿಯಲ್ಲಿ ಮರಿಗಳು. ತಾಯಿಕೋಳಿಯನ್ನು ಹೋದ ವಾರ ಬೆಕ್ಕು ಹೊತ್ತೊಯ್ದಿತ್ತು. ಅದು ಸಾಮಾನ್ಯ ಕೋಳಿಯಲ್ಲ. ಅವರು ಮದುವೆಯಾಗಿ ಈ ಮನೆಗೆ ಬಂದಾಗ ಅವರ ತಾಯಿ ಜೊತೆಗೆ ಕಳಿಸಿದ ಕೋಳಿಯ ವಂಶದ್ದು. ತಾಯಿ ಈಗಿಲ್ಲ.

"ಅಮ್ಮೀ ಕೊಟ್ಟಿದ್ದು ಅಂತ ಇವು ಆರೇ ಉಳಿದಾವ ನೋಡ್ರಿ ಭಾಯಿಸಾಬ್," ಎಂದರು.

ಈ ಚಳಿಯಲ್ಲಿ, ಗಾಜು ಮುಚ್ಚದ ಔರಾದ ಬಸ್ಸಿನಲ್ಲಿ ಎಳೆ ಮರಿಗಳನ್ನು ಒಯ್ಯುವುದೇ? ನಾನು ಬುಟ್ಟಿಯನ್ನು ಹೆಚ್ಚುಕಡಿಮೆ ಕಸಿದುಕೊಂಡೆ. ಅವರು ನಮ್ಮ ಬಾಗಿಲ ಕಡೆ ಇಣುಕಿ ದನಿ ತಗ್ಗಿಸಿದರು.

"ಅಮ್ಮಾರು ಏನಂತಾರ? ನಿಮ್ಮ ಮನ್ಯಾಗ ಕೋಳಿ ನಡೀತದೇನ್ರಿ?"

ಅಮ್ಮಾರು ಎಂದರೆ ನನ್ನ ಅತ್ತೆ ರುಕ್ಮಿಣಿಬಾಯಿ. ಮೊಣಕಾಲು ನೋವಿನಿಂದಾಗಿ ಈ ಚಳಿಗಾಲಕ್ಕೆ ಖಟಕ ಚಿಂಚೋಳಿಯಿಂದ ನಮ್ಮಲ್ಲಿಗೆ ಬಂದವರು. ಕೊರಳಲ್ಲಿ ಲಿಂಗ, ಮುಂಜಾನೆ ಪೂಜೆ. ಯಾರಾದರೂ ಮೊಟ್ಟೆ ಎಂಬ ಶಬ್ದ ಆಡಿದರೂ ಬಾಯಿ ಮುಕ್ಕಳಿಸುವಷ್ಟು ಆಚಾರ. ಇದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿ ಇದೆ. ಅವರು ನನ್ನ ಜೊತೆ ಮಾತಾಡುವುದಿಲ್ಲ. ಸಿಟ್ಟಲ್ಲ, ಪದ್ಧತಿ. ಅವರ ಮನೆತನದಲ್ಲಿ ಅತ್ತೆ ಅಳಿಯನೊಡನೆ ನೇರವಾಗಿ ಮಾತಾಡಬಾರದು. ನಾನು ಎದುರಿಗೇ ಉಣ್ಣುತ್ತಾ ಕೂತಿದ್ದರೂ, "ಶಶಿ, ಅವರಿಗಿ ಇನ್ನೊಂದು ರೊಟ್ಟಿ ಬೇಕೇನು ಕೇಳು," ಎನ್ನುತ್ತಾರೆ. ನಾನೂ, "ಸಾಕು ಅಂತ ಹೇಳು," ಎನ್ನುತ್ತೇನೆ. ನಡುವೆ ನನ್ನ ಹೆಂಡತಿ ಶಶಿಕಲಾ ಹಳೆಯ ಟೆಲಿಫೋನ್ ಎಕ್ಸ್‌ಚೇಂಜಿನಂತೆ ಕೂತಿರುತ್ತಾಳೆ. ನಮ್ಮ ಮಗಳು ಕಾಲೇಜು ಮುಗಿಸಿದರೂ ಈ ವ್ಯವಸ್ಥೆ ಬದಲಾಗಿಲ್ಲ.

ಬುಟ್ಟಿ ಒಳಗೆ ಬಂದ ಕೂಡಲೇ ಎಕ್ಸ್‌ಚೇಂಜು ಕೆಲಸ ಶುರುಮಾಡಿತು.

"ಶಶಿ, ಅವರಿಗಿ ಹೇಳು. ಕೋಳಿ ಒಳಗ ಬಂದ್ರ ನಾ ಚಿಂಚೋಳಿ ಬಸ್ಸ ಹತ್ತತೇನಿ."

"ಕೋಳಿ ಅಲ್ಲ, ಮರಿ ಅಂತ ಹೇಳು."

"ಮರಿ ದೊಡ್ಡದಾದ ಮ್ಯಾಲ ಏನಾಗ್ತದ ಅಂತ ಕೇಳು."

ಇಂಥ ಪ್ರಶ್ನೆಯನ್ನು ನಾನು ಮಂತ್ರಿಗಳಿಗೂ ಕೇಳಿದವನಲ್ಲ. ಕೊನೆಗೆ ಬುಟ್ಟಿ ಪಡಸಾಲೆಯ ಮೂಲೆ ದಾಟಬಾರದು ಎಂದು ಒಪ್ಪಂದವಾಯಿತು.

ಖತೀಜಾ ಬೇಗಂ ಹೋಗುವಾಗ, ಒಂದು ಹಳದಿ ಬಲ್ಬು ಬುಟ್ಟಿಯ ಮೇಲೆ ತೂಗಬಿಟ್ಟರೆ ಸಾಕೆಂದು ಹೇಳಿದ್ದರು. ನಮ್ಮ ಮನೆಯಲ್ಲಿರುವುದೆಲ್ಲ ಎಲ್‌ಇಡಿ. ಅದರ ಕೆಳಗೆ ಕೈ ಹಿಡಿದರೆ ಕೈ ಚೆನ್ನಾಗಿ ಕಾಣುತ್ತದೆ, ಬೆಚ್ಚಗಾಗುವುದಿಲ್ಲ. ಚೌಬಾರಾ ಹತ್ತಿರದ ಅಂಗಡಿಯಲ್ಲಿ ಹಳೇ ಬಲ್ಬು ಕೇಳಿದೆ. ಅಂಗಡಿಯವನು ನಾನು ಬಹಮನಿ ಸುಲ್ತಾನರ ನಾಣ್ಯ ಕೊಡಲು ಬಂದವನೇನೋ ಎಂಬಂತೆ ನೋಡಿದ. ಇರಲಿ. ಬಲ್ಬಿನ ಕಾಲ ಮುಗಿಯಿತು, ವಿಜ್ಞಾನದ ಕಾಲ ಬಂತು ಎಂದುಕೊಂಡು ಮನೆಗೆ ಬಂದೆ. ಅತ್ತೆಯವರು ಪೂಜೆಗೆ ಕೂತಿದ್ದಾಗ ಅವರ ಮಂಚದ ಮೇಲಿಂದ ಮೊಣಕಾಲಿನ ಹೀಟಿಂಗ್ ಪ್ಯಾಡ್ ಎತ್ತಿಕೊಂಡೆ. ಕದ್ದೆ ಎನ್ನಬೇಡಿ. ಅದನ್ನು ತಂದುಕೊಟ್ಟವನು ನಾನೇ.

ಪ್ಯಾಡನ್ನು ಮರಿಗಳ ಕೆಳಗಿಡಬೇಕೋ ಮೇಲಿಡಬೇಕೋ? ಊಹೆಯ ಮೇಲೆ ಕೆಲಸ ಮಾಡುವವನಲ್ಲ ನಾನು. ಭಾಲ್ಕಿಯಿಂದ ನಮ್ಮ ಪತ್ರಿಕೆಗೆ ಸುದ್ದಿ ಕಳಿಸುವ ಮಡೆಪ್ಪನಿಗೆ ಫೋನ್ ಮಾಡಿದೆ. ಕೆಳಗಿಡಿ, ಹಂಚಿನ ಹಾಗೆ, ಎಂದ. ಔರಾದದಿಂದ ಸುದ್ದಿ ಕಳಿಸುವ ಏಜಾಜನಿಗೆ ಮಾಡಿದೆ. ಮೇಲಿಡಿ, ಕೋಳಿ ಮರಿಗಳ ಮೇಲೆ ಕೂಡುತ್ತದೆಯೇ ಹೊರತು ಕೆಳಗಲ್ಲ, ಎಂದ. ಎರಡು ಕಡೆಯವರ ಹೇಳಿಕೆ ಬೇರೆಯಾದರೆ ಎರಡಕ್ಕೂ ಸಮಾನ ಜಾಗ ಕೊಡಬೇಕೆಂಬುದು ನಮ್ಮ ಕಚೇರಿಯ ನಿಯಮ. ಈ ವೃತ್ತಿಯಲ್ಲಿ ನಾನು ಅದನ್ನು ಒಮ್ಮೆಯೂ ಮುರಿದಿಲ್ಲ. ಪ್ಯಾಡನ್ನು ನಡುವೆ ಮಡಚಿ, ಅರ್ಧ ಕೆಳಗೆ, ಅರ್ಧ ಮೇಲೆ ಇಟ್ಟು, ಮರಿಗಳನ್ನು ಹೋಳಿಗೆಯ ಹೂರಣದಂತೆ ಮಧ್ಯೆ ಸೇರಿಸಿದೆ. ಯಾವ ಪಕ್ಷಕ್ಕೂ ಅನ್ಯಾಯವಾಗಲಿಲ್ಲ. ಮರಿಗಳು ಮಾತ್ರ ಎರಡೂ ಪಕ್ಷಗಳನ್ನು ತಿರಸ್ಕರಿಸಿ ಹೊರಗೆ ಬಂದು ಬುಟ್ಟಿಯ ಅಂಚಿಗೆ ನಿಂತವು. ನಾನು ಮತ್ತೆ ಒಳಗೆ ಸೇರಿಸಿದೆ. ಅವು ಗಂಟಲು ಹರಿಯುವಂತೆ ಚಿಂವ್ ಚಿಂವ್ ಎನ್ನತೊಡಗಿದವು. ಎಂಥ ಸಂತೋಷ ಅವಕ್ಕೆ, ಎಂದುಕೊಂಡೆ.

ಸ್ವಲ್ಪ ಹೊತ್ತಿಗೆ ಮುಟ್ಟಿ ನೋಡಿದರೆ ಪ್ಯಾಡ್ ತಣ್ಣಗೆ! ಡಬ್ಬಿಯ ಮೇಲಿನ ಸಣ್ಣಕ್ಷರ ಓದಿದೆ. ಬಳಕೆದಾರರ ಸುರಕ್ಷತೆಗಾಗಿ ಈ ಸಾಧನ ಕೆಲ ಹೊತ್ತಿನ ನಂತರ ತಾನಾಗಿಯೇ ಬಂದ್ ಆಗುತ್ತದೆ, ಮತ್ತೆ ಗುಂಡಿ ಒತ್ತಬೇಕು. ಇದೆಂಥ ಅನ್ಯಾಯ, ನೀವೇ ಹೇಳಿ. ಗುಂಡಿ ಒತ್ತಲು ಬಾರದ ಬಳಕೆದಾರರೂ ಈ ದೇಶದಲ್ಲಿದ್ದಾರೆಂದು ಆ ಕಂಪನಿಯಲ್ಲಿ ಯಾರಿಗೂ ಹೊಳೆಯಲಿಲ್ಲವೇ? ಹೀಗೆ, ಈ ಜಿಲ್ಲೆಯ ಹಿರಿಯ ವರದಿಗಾರನಾದ ನಾನು ಬುಟ್ಟಿಯ ಪಕ್ಕದಲ್ಲಿ ಮೇಜು ಹಾಕಿಕೊಂಡು ಗುಂಡಿ ಒತ್ತುವ ಹುದ್ದೆಗೆ ಇಳಿದೆ. ತೊಗರಿ ಬೆಲೆಯ ಬಗ್ಗೆ ಫೋನಿನಲ್ಲಿ ಮಾತು ಶುರುವಾದರೆ ಗುಂಡಿ ಮರೆಯುತ್ತಿತ್ತು. ಮರಿಗಳು ಇನ್ನೂ ಜೋರಾಗಿ ಹಾಡುತ್ತಿದ್ದವು.

ಅಷ್ಟರಲ್ಲಿ ಒಳಗಿನಿಂದ ವಿಚಾರಣೆ ಬಂತು. "ಶಶಿ, ಅವರಿಗಿ ಕೇಳು, ನನ್ನ ಮೊಣಕಾಲಿನ ಪ್ಯಾಡ್ ಎಲ್ಲಿ ಅದ?"

"ರಿಪೇರಿಗಿ ಹೋಗ್ಯಾದ ಅಂತ ಹೇಳು," ಎಂದೆ.

ಪಾಠ ಹೇಳಲು ಸಾಲಿಗೆ ಹೊರಟಿದ್ದ ಶಶಿಕಲಾ ಚೀಲ ಹೆಗಲಿಗೇರಿಸಿದಳು. "ಮಾತು ದಾಟಸ್ತೇನಿ. ಸುಳ್ಳು ದಾಟಸಂಗಿಲ್ಲ." ಅಷ್ಟು ಹೇಳಿ ಹೋದಳು. ಅತ್ತೆಯವರು ತಾವೇ ಎದ್ದು ಬಂದರು. ಬುಟ್ಟಿ ನೋಡಿದರು, ಪ್ಯಾಡ್ ನೋಡಿದರು, ಗೋಡೆಯನ್ನು ನೋಡಿದರು. ಮೊಣಕಾಲು ಹಿಡಿದುಕೊಂಡು ಅವಶ್ಯಕತೆಗಿಂತ ತುಸು ದೊಡ್ಡದಾಗಿ ನರಳುತ್ತಾ ಒಳಗೆ ಹೋದರು.

ಸಂಜೆ ಖತೀಜಾ ಬೇಗಂ ಫೋನ್ ಮಾಡಿದರು. ನಾನು ಹೆಮ್ಮೆಯಿಂದ ಫೋನನ್ನು ಬುಟ್ಟಿಗೆ ಹಿಡಿದೆ. "ಕೇಳ್ರಿ, ಹ್ಯಾಂಗ ಹಾಡ್ಲಿಕತ್ತಾವ."

ಆ ಕಡೆ ಮದುವೆಯ ಗದ್ದಲ. ಅವರು ಯಾರನ್ನೋ ಸುಮ್ಮನಿರಲು ಗದರಿ ಮತ್ತೆ ಕಿವಿಗೊಟ್ಟರು.

"ಹಾಂ ರೀ," ಎಂದರು ಕೊನೆಗೆ. "ಭಾಳ ಜೋರು ಹಾಡ್ಲಿಕತ್ತಾವ. ನಾ ನಾಳಿ ಮೊದಲನೇ ಬಸ್ಸಿಗೇ ಬರ್ತೇನಿ."

ಮದುವೆಯ ಊಟ ಬಿಟ್ಟು ಬರುವಷ್ಟು ಮಮತೆ ಎಂದುಕೊಂಡೆ.

ಮರುದಿನ ಶನಿವಾರ, ಮುಂಜಾನೆ ಸಾಲಿ. ನಾನು ಏಳುವ ಹೊತ್ತಿಗೆ ಶಶಿಕಲಾ ಹೋಗಿಯಾಗಿತ್ತು. ಪಡಸಾಲೆಗೆ ಬಂದು ನೋಡಿದರೆ ಬುಟ್ಟಿಯಲ್ಲಿ ಮಡಚಿದ ಪ್ಯಾಡ್ ಒಂದೇ ಇತ್ತು, ಕೋಟೆಯ ಕಲ್ಲಿನಷ್ಟು ತಣ್ಣಗೆ. ಮರಿ ಒಂದೂ ಇಲ್ಲ.

ಬೆಕ್ಕು! ಆ ತಾಯಿಗಂಡ ಬೆಕ್ಕೇ! ಆದರೂ ಸಾಕ್ಷ್ಯವಿಲ್ಲದೆ ಆರೋಪ ಮಾಡುವವನಲ್ಲ ನಾನು. ಮಂಚದ ಕೆಳಗೆ ಹುಡುಕಿದೆ. ಜೋಳದ ಡ್ರಮ್ಮಿನ ಹಿಂದೆ ಹುಡುಕಿದೆ. ಬಟ್ಟೆ ಒಗೆಯುವ ಮಷೀನಿನಲ್ಲಿ ತಲೆ ಹಾಕಿದೆ. ಕಂಪೌಂಡ್ ಗೋಡೆ ಹತ್ತಿ ನೋಡಿದರೆ ಖತೀಜಾ ಬೇಗಂ ಅವರ ಅಂಗಳದಲ್ಲಿ ಬೆಕ್ಕು ಕೂತು ಮೀಸೆ ನೆಕ್ಕಿಕೊಳ್ಳುತ್ತಿತ್ತು. ಇನ್ನೇನು ಸಾಕ್ಷ್ಯ ಬೇಕು? ಅದರ ಮೇಲೆ ಚಪ್ಪಲಿ ಎಸೆಯಲು ಹೋಗಿ ನಾನೇ ಗೋಡೆಯಿಂದ ಕೆಳಗೆ ಬಂದೆ. ಸೊಂಟ ಹಿಡಿದುಕೊಂಡಿತು.

ಇಷ್ಟೆಲ್ಲ ನಡೆಯುವಾಗ ಅತ್ತೆಯವರು ತಮ್ಮ ಕೋಣೆಯಲ್ಲಿ ಸೊಂಟದವರೆಗೆ ಕೌದಿ ಹೊದ್ದು, ಕಾಲು ಚಾಚಿ, ಅರಮನೆಯಲ್ಲಿ ಕೂತವರಂತೆ ಕೂತಿದ್ದರು. ನಾನು ಬಾಗಿಲ ಮುಂದೆ ಹಾದಾಗಲೆಲ್ಲ ಕೆಮ್ಮುತ್ತಿದ್ದರು. ಒಮ್ಮೆ ಗೋಡೆಗೆ ಮುಖ ಮಾಡಿ, "ಶಶಿ ಯಾವಾಗ ಬರ್ತಾಳೋ ಏನೋ," ಎಂದರು. ನನ್ನ ಮೇಲೆ ದೂರು ಹೇಳಲು ಎಷ್ಟು ಅವಸರ ನೋಡಿ! ಮನೆಯಲ್ಲಿ ಇಂಥ ಅನಾಹುತ ಆಗಿರುವಾಗ ಒಂದು ಮಾತಿನ ಸಹಾಯವಿಲ್ಲ, ಬರೀ ಕೆಮ್ಮು.

ಶಶಿಕಲಾಳ ಸ್ಕೂಟಿಯೂ ಖತೀಜಾ ಬೇಗಂ ಅವರ ಆಟೊವೂ ಒಟ್ಟಿಗೇ ಬಂದವು. ನಾನು ಸೊಂಟ ಹಿಡಿದು ಕಟ್ಟೆಯ ಮೇಲೆ ನಿಂತು, ಬೆಕ್ಕನ್ನು ತೀವ್ರವಾಗಿ ಖಂಡಿಸುವ ಒಂದು ಹೇಳಿಕೆ ಸಿದ್ಧಮಾಡಿಕೊಂಡಿದ್ದೆ. ಅದು ಬೇಕಾಗಲಿಲ್ಲ. ಖತೀಜಾ ಬೇಗಂ ನಾನು ಬಾಗಿಲಿಗೆ ತಂದಿಟ್ಟಿದ್ದ ಖಾಲಿ ಬುಟ್ಟಿ ನೋಡಿದರು. ಮೆಹಂದಿ ಹಚ್ಚಿದ ಕೈಯನ್ನು ಬುಟ್ಟಿಯೊಳಗೆ ಇಳಿಬಿಟ್ಟು ಹಾಗೇ ಕಟ್ಟೆಯ ಮೇಲೆ ಕೂತರು. ಬೈಯಲಿಲ್ಲ, ಅಳಲಿಲ್ಲ. "ಅಮ್ಮೀದು," ಎಂದರು, ಅಷ್ಟೇ. ಬೈದಿದ್ದರೆ ಒಳ್ಳೆಯದಿತ್ತು.

ಒಳಗಿನಿಂದ ದನಿ ಬಂತು. "ಶಶಿ, ಬಂದಿಯೇನ? ಆಕಿಗಿ ಒಳಗ ಕರಿ. ಅವರಿಗೂ ಹೇಳು, ಗ್ವಾಡಿ ಏರೂದು ಸಾಕು ಅಂತ."

ಎಲ್ಲರೂ ಒಳಗೆ ಹೋದೆವು. ಅತ್ತೆಯವರು ಕೌದಿಯ ಅಂಚು ಮೆಲ್ಲಗೆ ಎತ್ತಿದರು. ಮೂರು ಮರಿಗಳು ಎಡ ಮೊಣಕಾಲಿಗೆ, ಮೂರು ಬಲ ಮೊಣಕಾಲಿಗೆ ಒರಗಿ, ಕಣ್ಣು ಮುಚ್ಚಿ, ಒಂದು ಸದ್ದಿಲ್ಲದೆ ಮಲಗಿದ್ದವು.

ಪೂಜೆಯ ನೀರಿಗೆ ಎದ್ದಾಗ ಮರಿಗಳು ಒದರುತ್ತಿದ್ದವಂತೆ. ಮುಟ್ಟಿದರೆ ಮಂಜಿನ ಹಾಗಿದ್ದವಂತೆ. ಸೆರಗಿನಲ್ಲಿ ಹಾಕಿಕೊಂಡು ಬಂದರಂತೆ.

"ಬೆಚ್ಚಗಿದ್ದ ಮರಿ ಒದರಂಗಿಲ್ರಿ ಭಾಯಿಸಾಬ್," ಎಂದರು ಖತೀಜಾ ಬೇಗಂ, ನನ್ನ ಮರ್ಯಾದೆ ಉಳಿಸುವಷ್ಟು ಮೆತ್ತಗೆ. "ನಿನ್ನಿ ಫೋನ್‌ನ್ಯಾಗ ಕೇಳಿ, ಅದಕ್ಕೇ ಓಡಿ ಬಂದೆ."

ನನಗೆ ರೇಗಿತು. "ಶಶಿ, ಅಮ್ಮಗ ಕೇಳು. ನಾ ಮನಿ ತುಂಬ ಹುಡುಕಿ ಸೊಂಟ ಮುರಕೊಂಡೆ. ಒಂದು ಮಾತು ಯಾಕ ಹೇಳ್ಲಿಲ್ಲ ಅಂತ."

"ಅವರಿಗಿ ಹೇಳು. ನೀ ಸಾಲಿಗಿ ಹೋಗಿದ್ದಿ. ಯಾರ ಕಡಿಂದ ಹೇಳಿಸ್ಲಿ? ಕೆಮ್ಮಿದೆ. ಕೆಮ್ಮಿ ಕೆಮ್ಮಿ ಗಂಟಲ ಹೋತು. ಭಾಲ್ಕಿಗಿ ಫೋನ್ ಮಾಡಿ ಕೇಳ್ತಾರ, ಔರಾದಕ್ಕ ಮಾಡಿ ಕೇಳ್ತಾರ. ಬಾಜೂಕ ಕೆಮ್ಮೋರಿಗಿ ಯಾಕ ಕೆಮ್ತೀರಿ ಅಂತ ಕೇಳಂಗಿಲ್ಲ."

"ಹೌದಲ್ಲ, ನೀ ಕೋಳಿ ಹ್ಯಾಂಗ ಮುಟ್ಟಿದಿ ಅವ್ವ?" ಎಂದಳು ಶಶಿಕಲಾ.

"ತಿನ್ನಬಾರದು ಅಂತ ಅಂದಾರ. ಬೆಚ್ಚಗ ಇಡಬಾರದು ಅಂತ ಯಾರಂದಾರ?"

ಖತೀಜಾ ಬೇಗಂ ಬುಟ್ಟಿ ಮುಂದೆ ಹಿಡಿದರು. ಅತ್ತೆಯವರು ಕೌದಿಯನ್ನು ಮತ್ತೆ ಎಳೆದುಕೊಂಡರು. ಬೆಳಗಿನಿಂದ ಅವರು ಒಮ್ಮೆಯೂ ನರಳಿಲ್ಲವೆಂದು ನನಗೆ ಆಗಲೇ ಹೊಳೆದದ್ದು.

"ಯವ್ವಾ, ನಾಕು ಒಯ್ಯಿ," ಎಂದರು. "ಎರಡು ಇಲ್ಲೇ ಇರ್ಲಿ, ಚಳಿ ಮುಗಿಯೂತನಾ. ಎರಡು ಮೊಣಕಾಲಿಗಿ ಎರಡು. ಇವಕ್ಕ ಗುಂಡಿ ಇಲ್ಲ, ನಡಬರಕ ಬಂದ್ ಆಗಂಗಿಲ್ಲ."

ಮೊಟ್ಟೆಯ ಹೆಸರು ಹೇಳಿದರೆ ಬಾಯಿ ಮುಕ್ಕಳಿಸುವ ಮನೆಯಲ್ಲಿ ಈಗ ಎರಡು ಕೋಳಿಗಳು ಅತ್ತೆಯವರ ಮಂಚದ ಮೇಲೆ ವಾಸವಾಗಿವೆ. ಪಡಸಾಲೆಯ ಮೂಲೆಯ ಒಪ್ಪಂದದ ಬಗ್ಗೆ ಯಾರೂ ಮಾತೆತ್ತುವುದಿಲ್ಲ. ಆ ಮೂಲೆಯಲ್ಲಿ ಈಗ ಮಲಗಿರುವವನು ನಾನು. ಸೊಂಟದ ಕೆಳಗೆ ಅದೇ ಹೀಟಿಂಗ್ ಪ್ಯಾಡ್. ಅದು ನನ್ನ ಸುರಕ್ಷತೆಗಾಗಿ ಬಂದ್ ಆದಾಗಲೆಲ್ಲ ನನ್ನ ಕೈ ಗುಂಡಿಯವರೆಗೆ ಹೋಗುವುದಿಲ್ಲ. ಆಗ ನಾನು ಒಂದಿಷ್ಟು ನರಳುತ್ತೇನೆ.

ಒಳಗಿನಿಂದ ದನಿ ಬರುತ್ತದೆ.

"ಶಶಿ, ಅವರು ಒದರ್ಲಿಕತ್ತಾರ. ತಣ್ಣಗಾಗ್ಯಾರ ಕಾಣಸ್ತದ, ಒಂದು ಕೌದಿ ಮುಚ್ಚು."